ವ್ಯಾಗನ್ ಆರ್: ಹೊಸದೋ, ಎರಡು ವರ್ಷದ್ದೋ, ಆರು ವರ್ಷದ್ದೋ?

ಎರಡು ವರ್ಷ ಓಡಿದ ಮಾರುತಿ ವ್ಯಾಗನ್ ಆರ್ ಅನ್ನು ಈಗ ಕೇಳುತ್ತಿರುವ ಬೆಲೆಗೆ ಕೊಳ್ಳಬೇಡಿ. ಸಾಲ ಮಾಡಿಯೇ ಕಾರು ತರಬೇಕು ಅನ್ನುವವರು ಹೊಸದನ್ನೇ ತನ್ನಿ. ಕೈಯಲ್ಲಿ ನಗದಿದೆ, ನಾಲ್ಕು ವಾರಾಂತ್ಯ ಗಾಡಿ ನೋಡುವ ತಾಳ್ಮೆಯೂ ಇದೆ ಅನ್ನುವವರು 2020–21ರ 1.2 ಲೀಟರ್ ಎಂಜಿನ್ನಿನ, ಒಬ್ಬರೇ ಓಡಿಸಿದ ಗಾಡಿ ಹುಡುಕಿ. ನಮ್ಮ ತೀರ್ಪು ಇಷ್ಟು. ಇದರ ಹಿಂದಿನ ಲೆಕ್ಕವನ್ನೂ ಕೊಡುತ್ತೇವೆ, ನೀವು ಕೊಳ್ಳುವ ದಿನದ ಬೆಲೆ ಹಾಕಿಕೊಂಡು ತಾಳೆ ನೋಡಿ.

ಮೊದಲು ಹೊಸದರ ಬೆಲೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು, ಅದರ ಮೇಲಿದ್ದ ಸೆಸ್ಸೂ ಹೋಯಿತು. ಪೆಟ್ರೋಲ್ ಕಾರಾದರೆ ಉದ್ದ 4 ಮೀಟರ್ ಒಳಗೆ, ಎಂಜಿನ್ 1200 ಸಿಸಿ ಒಳಗೆ ಇರಬೇಕು ಎಂಬುದು ಷರತ್ತು. ವ್ಯಾಗನ್ ಆರ್ ಉದ್ದ 3655 ಮಿ.ಮೀ., ಅದರ ದೊಡ್ಡ ಎಂಜಿನ್ 1197 ಸಿಸಿ. ಹಾಗಾಗಿ ಎಲ್ಲ ಮಾದರಿಗೂ ಈ ಇಳಿಕೆ ಸಿಕ್ಕಿತು. ತೀರಾ ಕೆಳಗಿನ ಮಾದರಿ ಎಲ್‌ಎಕ್ಸ್‌ಐನ ಎಕ್ಸ್ ಶೋರೂಮ್ (ಆಜೀವ ತೆರಿಗೆ, ಇನ್ಶೂರೆನ್ಸ್ ಸೇರದ) ಬೆಲೆ 4,98,900 ರೂಪಾಯಿಗೆ ಬಂತು.

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯ ಜಗಳ ಶುರುವಾಗುವುದೇ ಇಲ್ಲಿಂದ. 2023ರಲ್ಲೋ 2024ರಲ್ಲೋ ಕೊಂಡವರು ಹಳೆಯ ತೆರಿಗೆ ಕಟ್ಟಿ ಕೊಂಡಿದ್ದಾರೆ. ಮಾರುವಾಗ ಆ ಬಿಲ್ಲನ್ನು ಮುಂದಿಟ್ಟು "ಇಷ್ಟು ಕೊಟ್ಟಿದ್ದೇನೆ, ಒಂದು ಲಕ್ಷ ಬಿಟ್ಟು ಕೊಡುತ್ತಿದ್ದೇನೆ" ಅನ್ನುತ್ತಾರೆ. ಅವರ ಸಂಕಟ ನಿಜವೇ. ಆದರೆ ಕೊಳ್ಳುವವರಿಗೆ ಆ ಬಿಲ್ ಲೆಕ್ಕಕ್ಕಿಲ್ಲ. ಅದೇ ಗಾಡಿ ಇವತ್ತು ಶೋರೂಮಿನಲ್ಲಿ ಎಷ್ಟಕ್ಕೆ ಸಿಗುತ್ತದೋ ಅಲ್ಲಿಂದ ಕೆಳಗೆ ಇಳಿಯುತ್ತಾ ಬನ್ನಿ.

ಕರ್ನಾಟಕದಲ್ಲಿ ಎಕ್ಸ್ ಶೋರೂಮ್ ಬೆಲೆಗೂ ಆನ್ ರೋಡ್ ಬೆಲೆಗೂ ಇರುವ ಅಂತರ ಹೆಚ್ಚಿನ ರಾಜ್ಯಗಳಿಗಿಂತ ದೊಡ್ಡದು, ಯಾಕೆಂದರೆ ನಮ್ಮ ಆಜೀವ ತೆರಿಗೆ ಭಾರಿ. 5 ಲಕ್ಷದವರೆಗೆ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದರ ಮೇಲೆ ಶೇ 18. ಈ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಎಲ್‌ಎಕ್ಸ್‌ಐ ಮೇಲಿನ ಮಾದರಿ, ಎಕ್ಸ್ ಶೋರೂಮ್ 5.5 ಲಕ್ಷದ ವಿಎಕ್ಸ್‌ಐ ಹಿಡಿದು ನೋಡಿ. ತೆರಿಗೆ 77,000, ಸೆಸ್ 8,470, ಎರಡೂ ಸೇರಿ 85,470 ರೂಪಾಯಿ. ಇನ್ಶೂರೆನ್ಸ್‌ಗೆ 28,000 ಇಟ್ಟುಕೊಳ್ಳಿ. ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ಎದುರಿನವರ ನಷ್ಟಕ್ಕೆ ಇರುವುದು) ಒಟ್ಟಿಗೇ ಕಟ್ಟಬೇಕು. ನೋಂದಣಿ, ನಂಬರ್ ಪ್ಲೇಟು, ಫಾಸ್ಟ್ಯಾಗ್ ಇತ್ಯಾದಿಗೆ 4,000. ಆನ್ ರೋಡ್ ಸುಮಾರು 6.67 ಲಕ್ಷ.

ಬಿಲ್ಲಿನಲ್ಲಿ "ಹ್ಯಾಂಡ್ಲಿಂಗ್ ಚಾರ್ಜ್", "ಲಾಜಿಸ್ಟಿಕ್ಸ್" ಅಂತ ಸಾಲುಗಳಿದ್ದರೆ ತೆಗೆಸಿ. ಬೇಸಿಕ್ ಕಿಟ್ ಹೆಸರಿನಲ್ಲಿ ಮ್ಯಾಟು, ಮಡ್ ಫ್ಲಾಪು, ಸೀಟ್ ಕವರ್ ಸೇರಿಸಿದ್ದರೆ ಅದು ನಿಮ್ಮ ಇಷ್ಟ, ಕಡ್ಡಾಯವಲ್ಲ. ಇನ್ಶೂರೆನ್ಸನ್ನೂ ಶೋರೂಮಿನವರಿಂದಲೇ ತೆಗೆದುಕೊಳ್ಳಬೇಕೆಂಬ ನಿಯಮವಿಲ್ಲ. ಹೊರಗಿನಿಂದ ಒಂದು ಕೊಟೇಷನ್ ತರಿಸಿ ತೋರಿಸಿದರೆ ಹೆಚ್ಚಿನ ಕಡೆ ಅವರೇ ಇಳಿಸುತ್ತಾರೆ.

ಈಗ ಎರಡು ವರ್ಷದ ಗಾಡಿ. ಅದೇ ವಿಎಕ್ಸ್‌ಐಗೆ 5.4 ಲಕ್ಷ ಕೇಳುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಮೇಲ್ನೋಟಕ್ಕೆ 1.27 ಲಕ್ಷ ಉಳಿತಾಯ. ಎರಡಕ್ಕೂ ಕೈಯಿಂದ ಹಾಕುವುದು 1.67 ಲಕ್ಷ, ಉಳಿದದ್ದು 5 ವರ್ಷದ ಸಾಲ. ಹೊಸ ಕಾರಿಗೆ ಶೇ 9ಕ್ಕೆ ಸಾಲ ಸಿಕ್ಕರೆ 5 ಲಕ್ಷಕ್ಕೆ ತಿಂಗಳ ಕಂತು 10,379, ಒಟ್ಟು ಕಟ್ಟುವುದು 6.23 ಲಕ್ಷ. ಹಳೆಯ ಕಾರಿನ ಸಾಲಕ್ಕೆ ಬಡ್ಡಿ ಯಾವಾಗಲೂ ಮೇಲೆ. ಶೇ 14 ಹಿಡಿದರೆ 3.73 ಲಕ್ಷಕ್ಕೆ ಕಂತು 8,679, ಒಟ್ಟು 5.21 ಲಕ್ಷ. ಉಳಿತಾಯ ಆಗಲೇ 1.02 ಲಕ್ಷಕ್ಕೆ ಇಳಿಯಿತು. ವರ್ಗಾವಣೆ, ಹೊಸ ಪಾಲಿಸಿ, ಒಂದು ಪೂರ್ತಿ ಸರ್ವಿಸ್, ಬ್ಯಾಟರಿ, ಎರಡು ಟೈರು ಅಂತ ಮೊದಲ ಎರಡು ತಿಂಗಳಲ್ಲಿ ಹೋಗುವ 40–45 ಸಾವಿರ ಕಳೆಯಿರಿ. ಕೈಯಲ್ಲಿ ಉಳಿಯುವುದು 60 ಸಾವಿರದ ಆಸುಪಾಸು. ಆ ದುಡ್ಡಿಗೆ ಗಾಡಿಯ ಆಯುಸ್ಸಿನ ಎರಡು ವರ್ಷ ಬಿಟ್ಟುಕೊಟ್ಟಿರಿ, ವಾರಂಟಿ ಬಿಟ್ಟುಕೊಟ್ಟಿರಿ, ನಾಲ್ಕು ಏರ್‌ಬ್ಯಾಗ್ ಬಿಟ್ಟುಕೊಟ್ಟಿರಿ.

ವಾರಂಟಿಯ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಮಾರುತಿ 2024ರ ಜುಲೈಯಲ್ಲಿ ಮೂಲ ವಾರಂಟಿಯನ್ನು 2 ವರ್ಷ ಅಥವಾ 40,000 ಕಿ.ಮೀ.ಯಿಂದ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಅದಕ್ಕಿಂತ ಮುಂಚೆ ಡೆಲಿವರಿಯಾದ ಗಾಡಿಗೆ, ಮೊದಲ ಓನರ್ ಎಕ್ಸ್‌ಟೆಂಡೆಡ್ ವಾರಂಟಿ ತೆಗೆಸಿರದಿದ್ದರೆ, 2 ವರ್ಷ ದಾಟಿದ ಮೇಲೆ ಏನೂ ಉಳಿಯುವುದಿಲ್ಲ. "ಇನ್ನೂ ವಾರಂಟಿಯಲ್ಲಿದೆ" ಅನ್ನುವ ಮಾತನ್ನು ನಂಬದೆ ಡೆಲಿವರಿ ದಿನಾಂಕ ಕೇಳಿ.

ಏರ್‌ಬ್ಯಾಗ್ ವಿಷಯ ನಮಗೆ ಎಲ್ಲಕ್ಕಿಂತ ಮುಖ್ಯ. 2025ರ ಮೇ ತಿಂಗಳಿಂದ ವ್ಯಾಗನ್ ಆರ್‌ನ ಎಲ್ಲ ಮಾದರಿಗಳಿಗೂ 6 ಏರ್‌ಬ್ಯಾಗ್ ಬರುತ್ತಿವೆ. 2022ರಿಂದ ಅಲ್ಲಿಯವರೆಗೆ 2. ಅದಕ್ಕೂ ಹಿಂದೆ ಎಲ್‌ಎಕ್ಸ್‌ಐ, ವಿಎಕ್ಸ್‌ಐ ಗಾಡಿಗಳಲ್ಲಿ ಡ್ರೈವರ್ ಕಡೆಗೆ ಒಂದೇ. ಪಕ್ಕದ ಸೀಟಿಗೂ ಬೇಕಿದ್ದರೆ ಹೆಸರಿನ ಕೊನೆಗೆ "ಓ" ಇರುವ ಮಾದರಿಯನ್ನೋ ಝಡ್‌ಎಕ್ಸ್‌ಐಯನ್ನೋ ಕೊಳ್ಳಬೇಕಿತ್ತು. ಹಳೆಯ ಗಾಡಿ ನೋಡುವಾಗ ಎಡಗಡೆ ಡ್ಯಾಶ್‌ಬೋರ್ಡಿನ ಮೇಲೆ ಏರ್‌ಬ್ಯಾಗ್ ಗುರುತಿದೆಯೇ ನೋಡಿ. ಇಲ್ಲದಿದ್ದರೆ ಆ ಗಾಡಿ ಬಿಟ್ಟುಬಿಡಿ, ಎಷ್ಟೇ ಅಗ್ಗವಾದರೂ ಸರಿ. ಹೊಸದು ಕೊಳ್ಳುವವರೂ ಮರೆಯಬಾರದ ಮಾತೊಂದಿದೆ. ಕಾರುಗಳನ್ನು ಗುದ್ದಿಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಈ ತಲೆಮಾರಿನ ಗಾಡಿಗೆ 2019ರಲ್ಲಿ ಐದಕ್ಕೆ 2 ಸ್ಟಾರ್, 2023ರಲ್ಲಿ ದೊಡ್ಡವರ ಸುರಕ್ಷತೆಗೆ 1 ಸ್ಟಾರ್, ಮಕ್ಕಳ ಸುರಕ್ಷತೆಗೆ ಸೊನ್ನೆ ಬಂತು. ಬಾಡಿಶೆಲ್ (ಗಾಡಿಯ ಲೋಹದ ಗೂಡು) ಗಟ್ಟಿಯಾಗಿ ನಿಲ್ಲುವುದಿಲ್ಲ ಎಂದೂ ಆ ವರದಿ ಹೇಳಿತು. 6 ಏರ್‌ಬ್ಯಾಗ್ ಬಂದದ್ದು ಒಳ್ಳೆಯದೇ, ಆದರೆ ಬಾಡಿಯ ಕೊರತೆಯನ್ನು ಅವು ತುಂಬಿಕೊಡಲಾರವು. ಹೆಚ್ಚು ಹೊತ್ತು ಹೆದ್ದಾರಿಯಲ್ಲೇ ಓಡಿಸುವವರು ಹೊಸದಾಗಲಿ ಹಳೆಯದಾಗಲಿ ಬೇರೆ ಗಾಡಿ ನೋಡುವುದೇ ಸರಿ.

ಇಷ್ಟಾದರೂ ಊರೊಳಗಿನ ಕೆಲಸಕ್ಕೆ ಇದರಷ್ಟು ಅನುಕೂಲದ ಗಾಡಿ ಈ ಬೆಲೆಗೆ ಕಮ್ಮಿ. 1675 ಮಿ.ಮೀ. ಎತ್ತರ, ಬಾಗಿಲು ಅಗಲಕ್ಕೆ ತೆರೆಯುತ್ತದೆ, ಸೀಟು ಸೊಂಟದ ಮಟ್ಟಕ್ಕಿದೆ. ಮಂಡಿನೋವಿನ ಹಿರಿಯರು ಬಗ್ಗದೆ, ಏಳಲು ಯಾರ ಕೈಯನ್ನೂ ಹಿಡಿಯದೆ ಕೂತು ಇಳಿಯಬಹುದು. ಡಿಕ್ಕಿ 341 ಲೀಟರ್. ಸಿಎನ್‌ಜಿ ಮಾದರಿಯಲ್ಲಿ ಸಿಲಿಂಡರ್ ಆ ಜಾಗವನ್ನೆಲ್ಲ ತಿನ್ನುತ್ತದೆ, ಎರಡು ಬ್ಯಾಗ್ ಇಟ್ಟರೆ ಮುಗಿಯಿತು. ಕಂಪನಿ ಹೇಳುವ ಮೈಲೇಜು 1 ಲೀಟರ್ ಮ್ಯಾನುಯಲ್‌ಗೆ 24.35, 1.2ಕ್ಕೆ 23.56, ಸಿಎನ್‌ಜಿಗೆ ಕಿಲೋಗೆ 34.05 ಕಿ.ಮೀ. ನಗರದ ಟ್ರಾಫಿಕ್ಕಿನಲ್ಲಿ ಇದರಲ್ಲಿ ಮೂರನೇ ಒಂದು ಭಾಗ ಕಳೆದು ಲೆಕ್ಕ ಹಾಕಿಕೊಳ್ಳಿ. 1 ಲೀಟರ್ ಎಂಜಿನ್ ಮೂರು ಸಿಲಿಂಡರಿನದು. ಐದು ಜನ ಕೂತು ಏಸಿ ಹಾಕಿ ಚಾರ್ಮಾಡಿ ಹತ್ತುವಾಗ ಎರಡನೇ ಗೇರಿನಿಂದ ಮೇಲೆ ಹೋಗಲು ಒದ್ದಾಡುತ್ತದೆ. 1.2 ನಾಲ್ಕು ಸಿಲಿಂಡರಿನದು. ಘಟ್ಟದಲ್ಲಿ ಅದರ ನಡೆಯೇ ಬೇರೆ, ಸದ್ದೂ ಕಮ್ಮಿ. ವಾರಕ್ಕೊಮ್ಮೆ ಮಲೆನಾಡಿಗೆ ಹೋಗುವವರು 1 ಲೀಟರ್ ಕಡೆ ತಿರುಗಿಯೂ ನೋಡಬೇಡಿ. ಎತ್ತರದ ಗಾಡಿಯಾದ್ದರಿಂದ ತಿರುವಿನಲ್ಲಿ ವಾಲುತ್ತದೆ, ಬಯಲಿನಲ್ಲಿ ಅಡ್ಡಗಾಳಿಗೆ ಸ್ಟೀರಿಂಗ್ ಸ್ವಲ್ಪ ಎಳೆಯುತ್ತದೆ. ಹೊಸದಕ್ಕೂ ಹಳೆಯದಕ್ಕೂ ಈ ಗುಣ ಒಂದೇ.

ಹಳೆಯದರಲ್ಲಿ 2020–21 ಯಾಕೆ

ಈ ತಲೆಮಾರು ಬಂದದ್ದು 2019ರ ಜನವರಿಯಲ್ಲಿ. ಮೊದಲ ವರ್ಷದ ಗಾಡಿಗಳನ್ನು ಮಾರುತಿ ಮತ್ತೆ ಮತ್ತೆ ವಾಪಸ್ ಕರೆಸಿದೆ. 2018ರ ನವೆಂಬರ್ 15ರಿಂದ 2019ರ ಆಗಸ್ಟ್ 12ರವರೆಗೆ ತಯಾರಾದ 1 ಲೀಟರಿನ 40,618 ಗಾಡಿಗಳಲ್ಲಿ ಪೆಟ್ರೋಲ್ ಹೋಸು ಲೋಹದ ಕ್ಲಾಂಪಿಗೆ ತಾಗುವ ಅನುಮಾನವಿತ್ತು. 2019ರ ಅಕ್ಟೋಬರ್ 15ರವರೆಗಿನ 1 ಲೀಟರಿನ 56,663 ಗಾಡಿಗಳನ್ನು 2020ರಲ್ಲಿ ಫ್ಯೂಯಲ್ ಪಂಪಿಗಾಗಿ ಕರೆದರು. 2019ರ ಜುಲೈ 30ರಿಂದ ನವೆಂಬರ್ 1ರ ನಡುವಿನ 4,190 ಗಾಡಿಗಳನ್ನು 2024ರಲ್ಲಿ ಪಂಪಿನ ಮೋಟಾರಿಗಾಗಿ ಮತ್ತೆ ಕರೆದರು. ಮುಂದೆ 2022ರ ಆಗಸ್ಟ್ 3ರಿಂದ ಸೆಪ್ಟೆಂಬರ್ 1ರ ನಡುವಿನ ಕೆಲವು ಗಾಡಿಗಳಿಗೆ ಹಿಂಬದಿ ಬ್ರೇಕಿನ ಪಿನ್ ಸಮಸ್ಯೆ. ರಿಪೇರಿ ಉಚಿತ, ಆದರೆ ಓನರ್ ಗಾಡಿ ಒಯ್ದು ಮಾಡಿಸಿರಬೇಕಲ್ಲ. ಚಾಸಿಸ್ ನಂಬರನ್ನು ಮಾರುತಿ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಸರ್ವಿಸ್ ಸೆಂಟರಿನಲ್ಲೂ ಕೇಳಿ. 2020–21ರ ಗಾಡಿಗಳು ಈ ದಿನಾಂಕಗಳ ನಡುವೆ ಬರುವುದಿಲ್ಲ, ಆ ವೇಳೆಗೆ ಬಿಎಸ್ 6 (ಹೊಗೆಯ ಹೊಸ ಮಾನದಂಡ) ಕೂಡ ಆಗಿದ್ದವು.

ಒಂದು ತೊಡಕು ಮಾತ್ರ ಉಳಿಯುತ್ತದೆ. 2023ರ ಏಪ್ರಿಲ್‌ಗೆ ಮುಂಚಿನ ಹೆಚ್ಚಿನ ಗಾಡಿಗಳು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆಂದು ಮಾಡಿದವಲ್ಲ. ಈಗ ಬಂಕುಗಳಲ್ಲಿ ಸಿಗುವುದು ಅದೇ. ಮೈಲೇಜು ಸ್ವಲ್ಪ ಇಳಿಯುತ್ತದೆ. ರಬ್ಬರ್ ಹೋಸು, ಗ್ಯಾಸ್ಕೆಟ್ಟುಗಳನ್ನು ಬೇಗ ಬದಲಿಸಬೇಕಾಗಿ ಬರಬಹುದು. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ಮೊದಲು ನೋಡಬೇಕಾದ್ದು ಅಲ್ಲೇ.

ಇಂಥ ಗಾಡಿ 3.75 ಲಕ್ಷಕ್ಕೆ ಸಿಕ್ಕಿತು ಅನ್ನಿ. ಅದರ ಮೇಲೆ 50,000 ಬೇರೆ ಎತ್ತಿಡಿ: ನಾಲ್ಕು ಟೈರಿಗೆ 16,000 ಆಸುಪಾಸು, ಇನ್ಶೂರೆನ್ಸ್ 12,000, ಕ್ಲಚ್ಚಿಗೆ 9,000, ಬ್ಯಾಟರಿಗೆ 5,000, ಆಯಿಲ್, ಕೂಲಂಟ್, ಬ್ರೇಕ್ ಪ್ಯಾಡ್ ಸೇರಿ ಸರ್ವಿಸಿಗೆ 8,000. ಎಲ್ಲ ಸೇರಿ 4.25 ಲಕ್ಷ. ಹೊಸದಕ್ಕಿಂತ 2.4 ಲಕ್ಷ ಕಮ್ಮಿ, ಬಡ್ಡಿ ಇಲ್ಲ, ಆರ್‌ಸಿ 2035–36ರವರೆಗೆ ಇದೆ. ಮೊದಲ ಓನರ್ ಕಟ್ಟಿದ ಆಜೀವ ತೆರಿಗೆಯೂ ಗಾಡಿಯ ಜೊತೆಗೇ ಬರುತ್ತದೆ, ಕರ್ನಾಟಕದೊಳಗಿನ ವರ್ಗಾವಣೆಗೆ ಮತ್ತೆ ಕಟ್ಟಬೇಕಿಲ್ಲ. ಇದನ್ನೇ ಶೇ 14 ಬಡ್ಡಿಯ ಸಾಲದಲ್ಲಿ ಕೊಂಡರೆ ಈ ಲಾಭದಲ್ಲಿ ದೊಡ್ಡ ಪಾಲು ಬ್ಯಾಂಕಿಗೆ ಹೋಗುತ್ತದೆ.

ಈ ಆಜೀವ ತೆರಿಗೆಯ ಕಾರಣಕ್ಕೇ ದೆಹಲಿ, ಹರಿಯಾಣದ ಅಗ್ಗದ ಗಾಡಿಗಳ ಆಸೆ ಬೇಡ. ಇಲ್ಲಿ ಮರುನೋಂದಣಿ ಮಾಡಿಸುವಾಗ ಗಾಡಿಯ ಮೂಲ ಬೆಲೆ ಮತ್ತು ವಯಸ್ಸು ನೋಡಿ ಕರ್ನಾಟಕದ ತೆರಿಗೆ ಹಾಕುತ್ತಾರೆ. ಅಲ್ಲಿ ಕಟ್ಟಿದ್ದನ್ನು ವಾಪಸ್ ಪಡೆಯುವುದು ನಿಮ್ಮ ಓಡಾಟ. ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಲಾರಿ ಬಾಡಿಗೆ, ತಿಂಗಳುಗಟ್ಟಲೆ ಕಾಯುವಿಕೆ ಸೇರಿದರೆ ಅಗ್ಗ ಅನ್ನುವುದು ಉಳಿಯುವುದಿಲ್ಲ.

ಗಾಡಿ ಮುಂದೆ ನಿಂತಾಗ

ಬೆಳಿಗ್ಗೆ ಹೋಗಿ, "ಎಂಜಿನ್ ಸ್ಟಾರ್ಟ್ ಮಾಡಬೇಡಿ, ನಾವೇ ಬಂದು ಮಾಡುತ್ತೇವೆ" ಅಂತ ಮೊದಲೇ ಹೇಳಿ. ಬಾನೆಟ್ ಮುಟ್ಟಿದಾಗ ಬಿಸಿಯಿದ್ದರೆ ತಣ್ಣನೆಯ ಸ್ಟಾರ್ಟಿನಲ್ಲಿ ಕೇಳಿಸುವ ಸದ್ದನ್ನು ಮುಚ್ಚಿಟ್ಟಿದ್ದಾರೆ ಅಂತಲೇ ತಿಳಿಯಿರಿ.

ಬಾನೆಟ್ ಎತ್ತಿ, ಮೊದಲು ಹಿಂಜ್ ಬೋಲ್ಟುಗಳನ್ನು ನೋಡಿ. ಕಂಪನಿಯಲ್ಲಿ ಬಾನೆಟ್ ಕೂರಿಸಿದ ಮೇಲೆ ಬಣ್ಣ ಹೊಡೆಯುವುದರಿಂದ ಬೋಲ್ಟಿನ ತಲೆಗೂ ತಗಡಿಗೂ ಒಂದೇ ಪದರ ಕೂತಿರುತ್ತದೆ. ಸ್ಪ್ಯಾನರ್ ಹಾಕಿದ್ದರೆ ಬೋಲ್ಟಿನ ಆರು ಮೂಲೆಗಳಲ್ಲಿ ಬಣ್ಣ ಎದ್ದು ಲೋಹ ಮಿಣುಕುತ್ತದೆ, ಇಲ್ಲವೇ ವಾಷರಿನ ಹಳೆಯ ಗುರುತು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಬಾನೆಟ್ ಬಿಚ್ಚಿದ್ದರೆ ಯಾಕೆ ಬಿಚ್ಚಿದರು ಅಂತ ಕೇಳಬೇಕು. ಆಮೇಲೆ ಹೆಡ್‌ಲೈಟ್ ಹಿಂದಿನ ಅಡ್ಡಪಟ್ಟಿ, ಎರಡೂ ಕಡೆಯ ಏಪ್ರನ್ (ಚಕ್ರದ ಮೇಲಿನ ಒಳತಗಡು). ಕಂಪನಿಯ ಸ್ಪಾಟ್ ವೆಲ್ಡು ಗುಂಡಗೆ, ಸಮ ಅಂತರದಲ್ಲಿರುತ್ತದೆ. ಉದ್ದುದ್ದ ಒರಟು ವೆಲ್ಡು ಕಂಡರೆ ಮುಂಭಾಗ ಗುದ್ದಿಸಿಕೊಂಡಿದೆ. ಬಣ್ಣದ ದಪ್ಪ ಅಳೆಯುವ ಪೇಂಟ್ ಗೇಜು ಸಿಕ್ಕರೆ ಬಾಡಿ ಪೂರ್ತಿ ಅಳೆಯಿರಿ. 80ರಿಂದ 150 ಮೈಕ್ರಾನ್ ಇದ್ದರೆ ಕಂಪನಿ ಬಣ್ಣ, 200 ದಾಟಿದರೆ ಮರುಬಣ್ಣ, 500ರ ಮೇಲೆ ಹೋದರೆ ಅಡಿಯಲ್ಲಿ ಪುಟ್ಟಿ ಇದೆ. ಬಂಪರ್ ಪ್ಲಾಸ್ಟಿಕ್ಕಿನದು, ಅಲ್ಲಿ ಮರುಬಣ್ಣ ಇದ್ದೇ ಇರುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಬಾಗಿಲು ಎರಡಕ್ಕೆ ಬಣ್ಣ ಆಗಿದ್ದರೂ ಬೆಲೆ ಇಳಿಸಿಕೊಂಡು ಕೊಳ್ಳಬಹುದು. ಪಿಲ್ಲರ್‌ಗೋ ಮೇಲ್ಛಾವಣಿಗೋ ಪುಟ್ಟಿ ಇದ್ದರೆ ವಾಪಸ್ ಬನ್ನಿ.

ನೀರಿನಲ್ಲಿ ಮುಳುಗಿದ ಗಾಡಿಯ ಭಯ ಬೆಂಗಳೂರಿನಲ್ಲಿ ಸಣ್ಣದಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟುಗಳಲ್ಲಿ ನಿಂತಿದ್ದ ಕಾರುಗಳು ಹೇಗೆ ಮುಳುಗಿದವು ಅಂತ ಎಲ್ಲರೂ ನೋಡಿದ್ದಾರೆ. ಒಳಗನ್ನು ತೊಳೆದು ಸುಗಂಧ ಹೊಡೆದರೆ ಮೂಗಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಸೀಟ್ ಬೆಲ್ಟನ್ನು ಪೂರ್ತಿ ತೊಳೆಯುವವರು ಕಮ್ಮಿ. ಡ್ರೈವರ್ ಬೆಲ್ಟನ್ನು ನಿಧಾನಕ್ಕೆ ಎಳೆಯುತ್ತಾ ಬನ್ನಿ, ಇನ್ನು ಬರುವುದಿಲ್ಲ ಅನ್ನುವವರೆಗೆ. ದಿನವೂ ಬಳಸುವ ಭಾಗ ಸ್ವಚ್ಛ ಇರುತ್ತದೆ. ಕೊನೆಯ ಒಂದೂವರೆ ಅಡಿ ಯಾವಾಗಲೂ ಸುರುಳಿಯೊಳಗೇ ಇರುವ ಪಟ್ಟಿ. ನೀರು ಹೊಕ್ಕಿದ್ದರೆ ಅಲ್ಲಿ ಅಡ್ಡಕ್ಕೆ ಒಂದು ಮಣ್ಣಿನ ಗೆರೆ, ಅದರಿಂದಾಚೆಗೆ ಬೇರೆಯದೇ ಬಣ್ಣ. ಸ್ಟೆಪ್ನಿ ಎತ್ತಿ ಅದರ ಗುಣಿಯ ಮೂಲೆಗಳಲ್ಲಿ ಒಣಗಿದ ಕೆಸರಿದೆಯೇ, ಸೀಟಿನ ಅಡಿಯ ಕಬ್ಬಿಣದ ಹಳಿಗಳಿಗೆ ತುಕ್ಕಿದೆಯೇ ನೋಡಿ. ಕರಾವಳಿಯ ಗಾಡಿಗಳಾದರೆ, ಅಂದರೆ ಕೆಎ 19, ಕೆಎ 20, ಕೆಎ 30 ನಂಬರಿನವಾದರೆ, ಲಿಫ್ಟಿಗೆ ಹಾಕಿಸಿ ಅಡಿಭಾಗ, ಸೈಲೆನ್ಸರ್ ಜೋಡಣೆ, ಬ್ರೇಕ್ ಪೈಪು ನೋಡದೆ ಮಾತು ಕೊಡಬೇಡಿ. ಉಪ್ಪುಗಾಳಿ ಮೇಲಿನ ಬಣ್ಣವನ್ನು ಮುಟ್ಟುವ ಮುಂಚೆ ಕೆಳಗಿನಿಂದ ತಿನ್ನುತ್ತದೆ.

ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ತಾನಾಗಿ ಆರಬೇಕು. ಹತ್ತಲೇ ಇಲ್ಲ ಅಂದರೆ ಒಡೆದುಹೋದ ಏರ್‌ಬ್ಯಾಗನ್ನು ಮುಚ್ಚಿಡಲು ಯಾರೋ ದೀಪವನ್ನೇ ಕಿತ್ತಿದ್ದಾರೆ. ಇದನ್ನು ನೋಡಲು ಐದು ಸೆಕೆಂಡ್ ಸಾಕು, ದಯವಿಟ್ಟು ತಪ್ಪಿಸಬೇಡಿ.

ಆಟೊ ಗೇರಿನ ಗಾಡಿಯಾದರೆ ಸಣ್ಣ ಏರಿನಲ್ಲಿ ನಿಲ್ಲಿಸಿ, ಬ್ರೇಕ್ ಬಿಟ್ಟು ನಿಧಾನಕ್ಕೆ ಹೊರಡಿ. ಕುಲುಕಾಡಿದರೆ ಕ್ಲಚ್ ಸವೆದಿದೆ. ನಗರದ ಟ್ರಾಫಿಕ್ಕಿನಲ್ಲಿ ಬ್ರೇಕ್ ಬದಲು ಆಕ್ಸಿಲರೇಟರಿನಲ್ಲೇ ಏರಿನಲ್ಲಿ ನಿಲ್ಲಿಸುವ ಅಭ್ಯಾಸದಿಂದ ಇದು ಬೇಗ ಹೋಗುತ್ತದೆ. ಕ್ಲಚ್ ಜೊತೆ ಅದನ್ನು ತಾನಾಗಿ ಒತ್ತುವ ಆಕ್ಚುಯೇಟರ್ ಕೂಡ ಹೋಗಿದ್ದರೆ ಬಿಲ್ಲು ದೊಡ್ಡದು. ಸಿಎನ್‌ಜಿ ಗಾಡಿಯಲ್ಲಿ ಸಿಲಿಂಡರಿನ ಹೈಡ್ರೋ ಟೆಸ್ಟ್ (ಒತ್ತಡದ ಪರೀಕ್ಷೆ) ತಾರೀಖು ಕೇಳಿ, 3 ವರ್ಷಕ್ಕೊಮ್ಮೆ ಆಗಬೇಕು.

ಮೀಟರ್ ತಿರುಗಿಸುವುದು ಈಗ ಹತ್ತು ನಿಮಿಷದ ಕೆಲಸ. ಮೀಟರಿನ ಅಂಕಿ ಬಿಟ್ಟು, ಮಾರುತಿ ಸರ್ವಿಸ್ ದಾಖಲೆಯಲ್ಲಿ ಪ್ರತಿ ಸಲದ ಕಿ.ಮೀ. ನೋಡಿ. 35,000 ಓಡಿದೆ ಅನ್ನುವ ಗಾಡಿಯ ಕ್ಲಚ್ ಪೆಡಲಿನ ರಬ್ಬರು ನುಣ್ಣಗಾಗಿದ್ದರೆ, ಸ್ಟೀರಿಂಗ್ ಹೊಳೆಯುತ್ತಿದ್ದರೆ ಎರಡರಲ್ಲಿ ಒಂದು ಸುಳ್ಳು.

ಕಾಗದ

ಆರ್‌ಸಿ ನೋಡಿದರೆ ಸಾಲದು, ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ (ನೋಂದಣಿ ದಾಖಲೆಯ ನಕಲು) ತೆಗೆಸಿ. ಎಷ್ಟನೇ ಓನರ್, ಸಾಲ ಇದೆಯೇ, ಹಿಂದೆ ಹಳದಿ ಬೋರ್ಡಿನಲ್ಲಿ ಓಡಿ ಆಮೇಲೆ ಬಿಳಿ ಬೋರ್ಡಿಗೆ ಬದಲಾಯಿತೇ ಎಲ್ಲ ಅದರಲ್ಲಿರುತ್ತದೆ. ವ್ಯಾಗನ್ ಆರ್ ಟ್ಯಾಕ್ಸಿಯಾಗಿಯೂ ಬಹಳ ಓಡುವ ಗಾಡಿ, ಹಾಗಾಗಿ ಈ ಕೊನೆಯದನ್ನು ನೋಡಲೇಬೇಕು. ಬಾಕಿ ಟ್ರಾಫಿಕ್ ದಂಡವನ್ನೂ ನೋಡಿ, ಮಾರುವವರಿಂದಲೇ ಕಟ್ಟಿಸಿ.

ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ) ಎಷ್ಟು ಶೇಕಡಾ ಬರೆದಿದೆ ಅನ್ನುವುದು ಬಹಳ ಮಾತಾಡುತ್ತದೆ. ಆರು ವರ್ಷ ಕ್ಲೇಮ್ ಇಲ್ಲದೆ ಓಡಿದ್ದರೆ ಶೇ 50 ಇರಬೇಕು. ಸೊನ್ನೆ ಇದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿದೆ, ಇಲ್ಲವೇ ಪಾಲಿಸಿ 90 ದಿನಕ್ಕಿಂತ ಹೆಚ್ಚು ಕಾಲ ನಿಂತಿತ್ತು. ಶೇ 20 ಅಂದರೆ ಕ್ಲೇಮ್ ಆಗಿ ಒಂದು ವರ್ಷ. ಯಾವ ಭಾಗಕ್ಕೆ ಎಷ್ಟು ಕ್ಲೇಮ್ ಆಯಿತು ಅಂತ ಬಿಲ್ ಕೇಳಿ. ಈ ಬೋನಸ್ ಮಾರುವವರದು, ಗಾಡಿಯ ಜೊತೆ ನಿಮಗೆ ಬರುವುದಿಲ್ಲ. ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸುವಾಗ ಆ ವ್ಯತ್ಯಾಸ ಕಟ್ಟಬೇಕು.

ದುಡ್ಡು ಕೊಡುವ ದಿನ ವರ್ಗಾವಣೆಯ ಫಾರ್ಮ್ 29 ಎರಡು ಪ್ರತಿ, ಫಾರ್ಮ್ 30, ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಜೊತೆ ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35, ಬೇರೆ ಆರ್‌ಟಿಒ ವ್ಯಾಪ್ತಿಯ ಗಾಡಿಯಾದರೆ ಅಲ್ಲಿನ ಸಿಸಿ (ಕ್ಲಿಯರೆನ್ಸ್ ಸರ್ಟಿಫಿಕೇಟ್), ಇವೆಲ್ಲ ಕೈಗೆ ಬರಬೇಕು. ಡೆಲಿವರಿ ನೋಟಿನಲ್ಲಿ ತಾರೀಖಿನ ಜೊತೆ ಗಂಟೆ, ನಿಮಿಷ ಬರೆಸಿ. ಅದೇ ದಿನ ಬೆಳಿಗ್ಗೆ ಆದ ಅಪಘಾತ ಯಾರ ತಲೆಗೆ ಅನ್ನುವುದು ಅದರಿಂದ ತಿಳಿಯುತ್ತದೆ. ಸಾಲದ ಎನ್‌ಒಸಿ "ಮುಂದಿನ ವಾರ ಕೊಡುತ್ತೇನೆ" ಅಂದರೆ 50,000 ಹಿಡಿದಿಟ್ಟುಕೊಂಡು, ಅದನ್ನೂ ಡೆಲಿವರಿ ನೋಟಿನಲ್ಲೇ ಬರೆಯಿರಿ. ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನ. ಆರ್‌ಸಿ ಆಗಲಿ ಆಮೇಲೆ ನೋಡೋಣ ಅಂತ ಇದನ್ನು ಮುಂದೂಡುವವರೇ ಹೆಚ್ಚು, ನೀವು ಹಾಗೆ ಮಾಡಬೇಡಿ. ಸಹಿ ಮಾಡಿದ ಫಾರ್ಮ್ 29, 30ರ ಪ್ರತಿಯನ್ನು ಮರುದಿನವೇ ಇನ್ಶೂರೆನ್ಸ್ ಕಂಪನಿಗೆ ಕಳುಹಿಸಿ, ಅರ್ಜಿ ತಲುಪಿದ ರಸೀದಿ ತೆಗೆದಿಟ್ಟುಕೊಳ್ಳಿ.